ಸುಲಿದಿಟ್ಟ ಪಿಟೀಲು

2018ರ ಮಾರ್ಚ್ 12, ಸೋಮವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಹಳೆಯ ವಾದ್ಯಗಳನ್ನು ಮಾರುವ ಅಂಗಡಿಯ ಹಿಂಗೋಣೆ. ಕೆಲಸದ ಮೇಜಿನ ಮೇಲೆ ಪಿಟೀಲೊಂದು ಬೋಳಾಗಿ ಮಲಗಿತ್ತು. ಮೈಮೇಲೆ ಹೆಸರಿಗೂ ವಾರ್ನಿಷ್ ಇರಲಿಲ್ಲ. ಪಕ್ಕದಲ್ಲಿ ಸವೆದ ಸ್ಯಾಂಡ್‌ಪೇಪರ್, ಒಂದು ಹಿಡಿ ಪುಡಿ.

"ಶನಿವಾರ ಬೀಗ ಹಾಕೋವಾಗ ಕೆಂಪಗೆ ಹೊಳೀತಿತ್ತು ಮೇಡಂ," ಎಂದ ಅಂಗಡಿಯ ಯಜಮಾನ. "ನೂರು ವರ್ಷದ ವಾರ್ನಿಷ್. ಅದು ಹೋದ್ರೆ ಬೆಲೇನೂ ಹೋಯ್ತು. ಹನ್ನೊಂದಕ್ಕೆ ಗಿರಾಕಿ ಬರ್ತಾರೆ, ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಬಂದಳು. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಆಕೆ ಭೌತಶಾಸ್ತ್ರ ಓದಿದವಳು. ಬಗ್ಗಿ ಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

ಪಿಟೀಲಿನ ಒಡತಿ ಸಂಗೀತದ ಟೀಚರ್. ಅವರು ಮುಖ ತಿರುಗಿಸಿ ಸ್ಟೂಲಿನ ಮೇಲೆ ಕುಳಿತಿದ್ದರು. ಮುರಿದ ಎಡಗೈ ಸೊಟ್ಟಗೆ ಕೂಡಿಕೊಂಡಿತ್ತು, ಇನ್ನು ನುಡಿಸುವಂತಿರಲಿಲ್ಲ. ಈ ಅಂಗಡಿಯ ಮೂಲಕ ಪಿಟೀಲು ಮಾರಿ, ಮನೆಯ ಮುಂಗೋಣೆಯಲ್ಲಿ ಮಕ್ಕಳಿಗೆ ಪಾಠ ಶುರುಮಾಡುವ ಆಸೆ ಅವರದು.

"ನನ್ನ ಕೈ ನಿಂತ್ರೂ ಇನ್ನೊಂದಷ್ಟು ಕೈ ಓಡ್ಲಿ ಅಂತಿದ್ದೆ," ಎಂದರು. "ಅದನ್ನ ನೋಡೋಕೂ ಆಗ್ತಿಲ್ಲಮ್ಮ."

"ನೋಡ್ಬೇಡಿ ಟೀಚರೇ. ಇಲ್ಲೇ ಬಿಟ್ಟು ಹೋಗಿ," ಎಂದ ಯಜಮಾನ. "ಕೈಲಾದಷ್ಟು ಕೊಟ್ಟು ನಾನೇ ಇಟ್ಕೊಳ್ತೀನಿ."

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದಳು.

"ಅನುಮಾನ ಯಾಕೆ, ಖಾತ್ರೀನೇ. ಮಿಂಚಣ್ಣ."

*

ಅಂಗಡಿಯ ವಾದ್ಯಗಳಿಗೆ ಪಾಲಿಶ್ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಮಿಂಚಣ್ಣ. ಇನ್ಸ್‌ಪೆಕ್ಟರ್ ಹೋದಾಗ ತನ್ನ ಶೆಡ್ಡಿನಲ್ಲಿ ಗಿಟಾರೊಂದನ್ನು ತಿಕ್ಕುತ್ತಿದ್ದ.

"ಆ ಪಿಟೀಲಿನ ವಿಷಯಕ್ಕೆ ಯಜಮಾನರ ಜೊತೆ ಜಗಳ ಆಡಿದ್ರಂತೆ?"

"ಆಡಿದ್ದೆ. ಮಂಕು ಮೋರೆ ವಾದ್ಯಾನ ಯಾರು ಕೊಳ್ತಾರೆ, ಪಾಲಿಶ್ ಮಾಡ್ತೀನಿ ಅಂದೆ. ಹಳೇದಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ ಅಂದ್ರು. ಸುಮ್ಮನಾದೆ."

"ಅಂಗಡಿ ಬೀಗದ ಕೈ ನಿಮ್ಮ ಹತ್ರಾನೂ ಇದೆ."

"ಇದೆ. ಸ್ವಲ್ಪ ಬುದ್ಧೀನೂ ಇದೆ."

ಆಕೆ ಫೋನಿನಲ್ಲಿ ಬೋಳು ಪಿಟೀಲಿನ ಚಿತ್ರ ತೋರಿಸಿದಳು. ಮಿಂಚಣ್ಣನ ಮುಖ ಕೆಂಪಾಯಿತು.

"ಥೂ, ಅಡ್ಡಾದಿಡ್ಡಿ ಗೀಚಿದಾರೆ! ಬೇಕಾದ್ರೆ ಒಳಗೆ ಹಾಕಿ ಮೇಡಂ, ಆದ್ರೆ ಈ ಕೆಲಸ ನಂದು ಅಂತ ಮಾತ್ರ ಎಲ್ಲೂ ಹೇಳ್ಬೇಡಿ."

ಆಕೆಗೆ ನಗು ಬಂತು. ಆದರೂ ಅವನನ್ನು ಬಿಟ್ಟುಬಿಡಲಿಲ್ಲ. ಒಳ್ಳೆಯ ಕೆಲಸಗಾರ ಬೇಕೆಂದೇ ಕೆಟ್ಟದಾಗಿಯೂ ಮಾಡಬಲ್ಲ. ಅವಳನ್ನು ಕಾಡುತ್ತಿದ್ದುದು ಆ ಪುಡಿ.

*

ಹನ್ನೊಂದಕ್ಕೆ ಗಿರಾಕಿ ಬಂದರು. ಯಜಮಾನ ಮೊದಲೇ ಕಳಿಸಿದ್ದ ಚಿತ್ರಗಳು ಅವರ ಫೋನಿನಲ್ಲಿದ್ದವು. ಹಳೆಯ ವಾರ್ನಿಷ್ ಚೆನ್ನಾಗಿ ಕಾಣಲೆಂದು ಓರೆ ಬೆಳಕಿನಲ್ಲಿ ತೆಗೆದವು. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಸ್ಕೇಲು. ಇನ್ಸ್‌ಪೆಕ್ಟರ್ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಮೇಜಿನ ಮೇಲಿದ್ದ ಪಿಟೀಲಿನ ಮೇಲೂ ಸ್ಕೇಲು ಇಟ್ಟಳು.

"ಯಜಮಾನ್ರೇ, ಇದು ಅದೇ ಪಿಟೀಲು ತಾನೆ?"

"ಮೂರು ವಾರದಿಂದ ಕೈಯಲ್ಲಿ ಆಡಿದೆ. ಕಣ್ಣು ಕಟ್ಟಿದ್ರೂ ಗುರುತು ಹಿಡೀತೀನಿ."

"ಹಾಗಾದ್ರೆ ನೀವೇ ಸಿಕ್ಕಿಬಿದ್ರಿ."

ಯಜಮಾನನ ನಗು ಅರ್ಧಕ್ಕೇ ನಿಂತಿತು.

"ಕೆಂಪು ವಾರ್ನಿಷ್ ಉಜ್ಜಿದ್ರೆ ಕೆಂಪು ಪುಡಿ ಬೀಳ್ಬೇಕು. ಇಲ್ಲಿರೋದು ಬರೀ ಬಿಳಿ ಮರದ ಪುಡಿ. ಮೊದಲೇ ಬೋಳಾಗಿದ್ದ ಪಿಟೀಲನ್ನ ತಂದು ನಮಗೆ ತೋರಿಸೋಕೆ ಇನ್ನಷ್ಟು ಉಜ್ಜಿದಾರೆ. ಚಿತ್ರದಲ್ಲಿ ಮರದ ಗೆರೆಗಳು ಒತ್ತೊತ್ತಾಗಿವೆ, ಸೆಂಟಿಮೀಟರಿಗೆ ಹನ್ನೊಂದು. ಇದರಲ್ಲಿ ಆರು. ಉಜ್ಜಿದ್ರೆ ಬಣ್ಣ ಹೋಗುತ್ತೆ, ಗೆರೆ ಹೋಗಲ್ಲ. ಇದು ಬೇರೆ ಪಿಟೀಲು."

"ಮಿಂಚಣ್ಣನೇ ಬದಲಾಯಿಸಿರಬಹುದು!"

"ಬದಲಾಯಿಸಿದ್ರೆ ಮುಟ್ಟಿದ ತಕ್ಷಣ ನಿಮಗೆ ಗೊತ್ತಾಗ್ಬೇಕಿತ್ತು. ಕಣ್ಣು ಕಟ್ಟಿದ್ರೂ ಗುರುತು ಹಿಡಿಯೋರು 'ಕಳ್ಳತನ' ಅಂತ ಕೂಗ್ಬೇಕಿತ್ತು. ನೀವು ಕೂಗಿದ್ದು 'ಬಣ್ಣ ಹೋಯ್ತು' ಅಂತ. ಹಾಳಾಗಿದೆ ಅಂದ್ರೆ ಕಳೆದಿದೆ ಅಂತ ಯಾರೂ ಹುಡುಕಲ್ಲ. ಬೋಳು ಪಿಟೀಲು ಟೀಚರ್ ಮನೆಗೆ ಹೋಗದ ಹಾಗೆ ಕೊಂಡ್ಕೊಂಡ್ಬಿಟ್ರೆ ಎಲ್ಲಾ ಮುಚ್ಚಿಹೋಯ್ತು. ಪಾಲಿಶ್ ಹುಚ್ಚಿನ ಮಿಂಚಣ್ಣ ಸಿಕ್ಕಿಬೀಳೋಕೆ ಹೇಗೂ ಇದ್ದ."

ಯಜಮಾನನ ಕಣ್ಣು ಮೂಲೆಯಲ್ಲಿದ್ದ ಪಿಯಾನೊ ಕಡೆ ಒಮ್ಮೆ ಓಡಿತು. ಅಷ್ಟು ಸಾಕಾಯಿತು. ಪೊಲೀಸರು ಅದರ ಕೆಳಗಿನ ಹಲಗೆ ಬಿಚ್ಚಿದರು. ಕಂಬಳಿಯಲ್ಲಿ ಸುತ್ತಿದ ಕೆಂಪು ಪಿಟೀಲು ಹೊರಬಂತು.

ಟೀಚರ್ ಆಗ ಇತ್ತ ಮುಖ ತಿರುಗಿಸಿದರು. ಸೊಟ್ಟ ಕೈಯಿಂದಲೇ ಅದನ್ನು ಸವರಿ, "ಒಂದು ಗೀರೂ ಬಿದ್ದಿಲ್ಲ," ಎಂದರು.

*

ವಾರ್ನಿಷ್ ಮುಟ್ಟದೆಯೇ ಪಿಟೀಲು ಅದೇ ಗಿರಾಕಿಗೆ ಒಳ್ಳೆಯ ಬೆಲೆಗೆ ಹೋಯಿತು. ಮೂರು ತಿಂಗಳಲ್ಲಿ ಟೀಚರ್ ಮನೆಯ ಮುಂಗೋಣೆ ಮಕ್ಕಳಿಂದ ತುಂಬಿತು. ಅವರು ಕೊಂಡ ಅಗ್ಗದ ಹಳೆಯ ಪಿಟೀಲುಗಳಿಗೆಲ್ಲ ಮಿಂಚಣ್ಣ ಮನಸಾರೆ ಪಾಲಿಶ್ ಮಾಡಿಕೊಟ್ಟಿದ್ದ. ಅಂಥವಕ್ಕೆ ಕಳೆದುಕೊಳ್ಳಲು ಬೆಲೆಬಾಳುವ ವಾರ್ನಿಷ್ ಇರುವುದಿಲ್ಲ. ಹೊಳಪು ಕಂಡರೆ ಮಕ್ಕಳು ಓಡಿಬಂದು ಎತ್ತಿಕೊಳ್ಳುತ್ತಾರೆ.

ಇನ್ಸ್‌ಪೆಕ್ಟರ್ ಹೋದ ದಿನ ಮಕ್ಕಳ ನಡುವೆ ಮಿಂಚಣ್ಣನೂ ಪಿಟೀಲು ಹಿಡಿದು ಕುಳಿತಿದ್ದ.

"ನಲವತ್ತು ವರ್ಷ ಇವುಗಳ ಮೈ ತಿಕ್ಕಿದೀನಿ ಮೇಡಂ. ಒಂದನ್ನೂ ಮಾತಾಡಿಸಿಲ್ಲ."

"ಮಾತು ಸಾಕು, ಬೆರಳಿಡಿ," ಎಂದರು ಟೀಚರ್.

ಅವನು ಬೆರಳಿಟ್ಟು ಕಮಾನು ಎಳೆದ. ಮಕ್ಕಳು ಕಿಸಕ್ಕನೆ ನಕ್ಕರು. ಶ್ರುತಿ ಅಳೆಯುವ ಪುಟ್ಟ ಯಂತ್ರದ ಕಡೆ ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಬೇಕಿದ್ದುದು 330 ಹರ್ಟ್ಸ್. ಬಂದದ್ದು 323, ಸ್ವಲ್ಪ ತಗ್ಗು.