ಹಾಸಿಗೆ ಸರಿಮಾಡಿ ಹೋದ ಅತಿಥಿಗಳು

ಜನವರಿ 21, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ದಕ್ಷಿಣ ದೆಹಲಿಯ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಏನೂ ಕಳುವಾಗಿರಲಿಲ್ಲ, ಯಾರಿಗೂ ಪೆಟ್ಟಾಗಿರಲಿಲ್ಲ. ಕರೆಯದ ಅತಿಥಿಗಳು ಬಂದು, ಉಂಡು, ಮಲಗಿ ಹೋಗಿದ್ದರು.

ದೂರುದಾರ ವಿಕ್ರಮ್ ಸೇಠಿ, ಸಪ್ತತೀರ ರೆಸಾರ್ಟ್ಸ್ ಕಂಪನಿಯ ಉಪಾಧ್ಯಕ್ಷ. ಗೋವೆಯಿಂದ ಅಂಡಮಾನಿನವರೆಗೆ ಕಡಲತೀರದ ರೆಸಾರ್ಟ್‌ಗಳನ್ನು ನಡೆಸುವ ಈ ಕಂಪನಿಯ ಮುಖ್ಯ ಕಚೇರಿ ಇರುವುದು ಮಾತ್ರ ಕಡಲಿನ ಗಾಳಿಯೂ ಸುಳಿಯದ ದೆಹಲಿಯಲ್ಲಿ.

"ನಮ್ಮದು ಆಲ್ ಇನ್‌ಕ್ಲೂಸಿವ್, ಇನ್‌ಸ್ಪೆಕ್ಟರ್ ಸಾಬ್. ಒಮ್ಮೆ ಬುಕ್ ಮಾಡಿ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡರೆ ಮುಗಿಯಿತು. ಊಟ, ಐಸ್‌ಕ್ರೀಮು, ದೋಣಿ ಯಾವುದಕ್ಕೂ ಬಿಲ್ಲಿಲ್ಲ. ಪಟ್ಟಿ ಇದ್ದವರನ್ನು ಯಾರೂ ಏನೂ ಕೇಳುವುದಿಲ್ಲ."

"ಬುಕ್ ಮಾಡದವರಿಗೆ ಪಟ್ಟಿ ಸಿಕ್ಕಿದೆ?"

"ಒಂದು ವರ್ಷದಿಂದ. ಒಬ್ಬೊಬ್ಬರಾಗಿ ಬರುತ್ತಾರೆ. ಯಾರು ಅಂತಲೇ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಚಂದ್ರಮೋಹನ ವಂಚನೆಯ ಕಲಮಿನಡಿ ಎಫ್‌ಐಆರ್ ದಾಖಲಿಸಿದರು. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಗುಮಾಸ್ತರ ಮಗ ಅವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ವರದಿಯಲ್ಲಿ ಇಂಗ್ಲಿಷ್. ಜೊತೆಗೆ ಬಂದ ಹೆಡ್ ಕಾನ್‌ಸ್ಟೇಬಲ್ ಸುಮನ್ ಹರಿಯಾಣದವಳು. ನೀರು ಅಂದರೆ ಅವಳಿಗೆ ಕಾಲುವೆ.

ಕಂಪನಿಯ ಒಂಬತ್ತನೇ ಮಹಡಿಯಲ್ಲಿ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಕಿಟಕಿಯಾಚೆ ಬೂದು ಹೊಗೆ, ಎದುರಿನ ಕಟ್ಟಡವೂ ಕಾಣದು. ಒಳಗೆ ಮಾತ್ರ ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಸಮುದ್ರ. ಈಜುವವರ ಸುರಕ್ಷತೆಗೆಂದು ಪ್ರತಿ ತೀರದಲ್ಲೂ ಇಟ್ಟ ಕ್ಯಾಮೆರಾಗಳ ನೇರ ದೃಶ್ಯ. ಒಂದರಲ್ಲಿ ಹಸಿರು ನೀರು, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಬೆಳ್ಳಿ. ಸದ್ದಿಲ್ಲದೆ ಅಲೆಗಳು ಬಂದು ಬಂದು ಹೋಗುತ್ತಿದ್ದವು. ಪೊಲೀಸರಿಗೂ ಬಾಯಿ ಬಿಟ್ಟುಕೊಂಡು ನಿಲ್ಲುವ ಹಕ್ಕಿದೆ. ಸುಮನ್ ಅದನ್ನು ಪೂರ್ತಿಯಾಗಿ ಚಲಾಯಿಸಿದಳು.

ಪಂಚರನ್ನು ಕರೆಸಿ, ಕಚೇರಿಯಲ್ಲಿ ಉಳಿದಿದ್ದ ಮಣಿಕಟ್ಟಿನ ಪಟ್ಟಿಗಳ ಸುರುಳಿ ವಶಪಡಿಸಿಕೊಂಡು ಪಂಚನಾಮೆ ಬರೆದದ್ದಾಯಿತು. ನಂತರ ಚಂದ್ರಮೋಹನ ಕುಮಟಾ ಬಳಿಯ ರೆಸಾರ್ಟಿಗೆ ಫೋನ್ ಹಚ್ಚಿದರು. ಅಲ್ಲಿ ಕೋಣೆಗಳ ಉಸ್ತುವಾರಿ ಮಹಂತೇಶ್. ಹಿಂದಿಯಲ್ಲಿ ಹೂಂ, ಊಹೂಂ ಅನ್ನುತ್ತಿದ್ದವನು ಕನ್ನಡ ಕೇಳಿದ್ದೇ ಸಡಿಲವಾದ.

"ಆ ಅತಿಥಿಗಳಲ್ಲಿ ಏನಾದರೂ ವಿಶೇಷ?"

"ಎಲ್ಲಾ ವಯಸ್ಸಾದ ಹೆಂಗಸರು ಸಾರ್. ಹೋದ ಮೇಲೆ ರೂಮಿನಲ್ಲಿ ನಮಗೆ ಕೆಲಸವೇ ಇರಲ್ಲ. ಹಾಸಿಗೆ ಅವರೇ ಹಾಕಿರ್ತಾರೆ. ಬಚ್ಚಲು ಒರೆಸಿರ್ತಾರೆ."

"ಮನೆಯಲ್ಲಿ ಹಾಕುವ ಹಾಗಾ?"

"ಅದೇ ಸೋಜಿಗ. ಚಾದರದ ಮೂಲೆ ನಮ್ಮ ಕಂಪನಿ ಮಡಿಕೆ ಸಾರ್, ಲಕೋಟೆ ಥರ. ನಮ್ಮನ್ನು ಪರೀಕ್ಷೆ ಮಾಡೋಕೆ ಹೆಡ್ ಆಫೀಸು ಗುಪ್ತ ಅತಿಥಿಗಳನ್ನ ಕಳಿಸ್ತದೆ. ಇವರೂ ಅವರೇ ಅಂದುಕೊಂಡು ಸುಮ್ಮನಿದ್ವಿ. ಗುಪ್ತ ಅತಿಥಿ ಅಂತ ಅನುಮಾನ ಬಂದರೆ ಕೇಳಲೇಬಾರದು, ರೂಲ್ಸು."

ಚಂದ್ರಮೋಹನ ಫೋನ್ ಇಟ್ಟರು. "ರಜೆಗೆ ಹೋದವರು ಹಾಸಿಗೆ ಕೆದರಿ ಬರುತ್ತಾರೆ, ಸುಮನ್. ಇವರು ಹಾಕಿ ಬಂದಿದ್ದಾರೆ. ಆ ಮಡಿಕೆ ಕಲಿಸುವುದು ಎಲ್ಲಿ?"

ಅದೇ ಕಟ್ಟಡದ ನೆಲಮಾಳಿಗೆಯಲ್ಲಿ. ಬುಧವಾರ ಮಧ್ಯಾಹ್ನ ಅವರು ಕೆಳಗಿಳಿದಾಗ ಕಂಡದ್ದು ಒಂದು ಮಾದರಿ ಕೋಣೆ. ಮಂಚ, ದೀಪ, ಪರದೆ. ಪರದೆ ಸರಿಸಿದರೆ ಕಿಟಕಿಯ ಜಾಗದಲ್ಲಿ ಚೌಕಟ್ಟು ಹಾಕಿದ ಸಮುದ್ರದ ಚಿತ್ರ, ಬಿಸಿಲೇ ತಾಗದಿದ್ದರೂ ಬಣ್ಣ ಮಾಸಿತ್ತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇಲ್ಲಿ ಹಾಸಿಗೆ ಹಾಕಲು ಕಲಿಸುವ ಹೆಂಗಸರು ವರ್ಷಗಟ್ಟಲೆ ಆ ಚಿತ್ರದ ಮುಂದೆಯೇ ಬಗ್ಗಿ ಎದ್ದಿದ್ದರು. ಸುಮನ್ ಎರಡು ಮಾತು ಕೇಳುವಷ್ಟರಲ್ಲಿ ಅವರ ಕಣ್ಣು ತುಂಬಿತು, ಬಾಯಿ ಬಿಗಿಯಿತು. ಎಲ್ಲರಿಗಿಂತ ಹಿರಿಯಳಾದ ಬಿಮ್ಲಾ ಅಂದು ರಜೆಯಲ್ಲಿದ್ದಳು.

ಗುಪ್ತ ಅತಿಥಿಗಳನ್ನು ಆರಿಸಿ ಕಳಿಸುವ ಅಧಿಕಾರ ಕಂಪನಿಯಲ್ಲಿ ಒಬ್ಬರಿಗೇ ಇತ್ತು: ಗುಣಮಟ್ಟ ವಿಭಾಗದ ಅಹಲ್ಯಾ. ಊರು ಹಾಸನ, ಮನೆ ದೆಹಲಿ ಅಂಚಿನ ಇಂದಿರಾಪುರಂ. ಸಂಜೆ ಐದೂಕಾಲಿಗೆ ಒಂಬತ್ತನೇ ಮಹಡಿಯ ಪರದೆಗಳ ಆ ಕೋಣೆಯಲ್ಲೇ, ಸೇಠಿಯ ಎದುರು, ವಿಚಾರಣೆ ಶುರುವಾಯಿತು.

"ಆ ಹೆಂಗಸರನ್ನು ಕಳಿಸಿದ್ದು ನೀವಾ?"

"ಹೌದು ಸರ್." ತಡವರಿಕೆಯೇ ಇರಲಿಲ್ಲ. "ನಾನೊಬ್ಬಳೇ. ಅವರಿಗೆ ಕಂಪನಿಯೇ ಕಳಿಸ್ತಿದೆ ಅಂತ ಹೇಳಿದ್ದೆ. ಯಾರಿಗೂ ಹೇಳಬಾರದು ಅಂತಲೂ ಹೇಳಿದ್ದೆ."

"ಬೆಡ್‌ಶೀಟ್ ನಿಮ್ಮನ್ನು ಹಿಡಿದುಕೊಟ್ಟಿತು."

ಅಹಲ್ಯಾ ಅರೆಕ್ಷಣ ನಕ್ಕಳು. "ವಿಮಾನ ಹತ್ತೋದು ಹೇಳಿಕೊಟ್ಟೆ, ಲಿಫ್ಟು, ಬಫೆ, ಎಲ್ಲ ಹೇಳಿಕೊಟ್ಟೆ. ಹಾಸಿಗೆ ಹಾಗೇ ಬಿಟ್ಟು ಬನ್ನಿ ಅನ್ನೋದು ಮರೆತೆ. ಹೇಳಿದ್ದರೂ ಅವರು ಕೇಳ್ತಿರಲಿಲ್ಲ ಬಿಡಿ."

"ಬಿಮ್ಲಾ ಎಲ್ಲಿ?"

ಅವಳ ನಗು ಆರಿತು. "ಕುಮಟಾದ ದಾರೀಲಿ. ಇನ್ನೇನು ತಲುಪ್ತಾರೆ. ಅವರೇ ಕಡೆಯವರು. ಎಲ್ಲರನ್ನೂ ಮುಂದೆ ಕಳಿಸಿ ತಾವು ಉಳಿದಿದ್ರು."

ಸೇಠಿ ಆಗಲೇ ಫೋನ್ ಎತ್ತಿಕೊಂಡಿದ್ದರು. "ಗೇಟಿನಲ್ಲೇ ತಡೆದು ವಾಪಸ್ ಕಳಿಸಿ ಅಂತೀನಿ."

"ಫೋನ್ ಇಡಿ," ಎಂದರು ಚಂದ್ರಮೋಹನ. "ಆಕೆ ನನ್ನ ಸಾಕ್ಷಿ. ಯಾರೂ ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ."

"ಹಾಗಾದರೆ ಇವಳನ್ನಾದರೂ ಈಗಲೇ ಅರೆಸ್ಟ್ ಮಾಡಿ!"

ಹೆಂಗಸನ್ನು ಸೂರ್ಯಾಸ್ತದ ನಂತರ ಸುಮ್ಮನೆ ಬಂಧಿಸುವಂತಿಲ್ಲ. ದೆಹಲಿಯಲ್ಲಿ ಸೂರ್ಯ ಮುಳುಗಲು ಕೆಲವೇ ನಿಮಿಷ ಉಳಿದಿತ್ತು. ಬಂಧನ ಪತ್ರ ಸುಮನ್ ಕೈಯಲ್ಲೇ ಇತ್ತು. ಅಹಲ್ಯಾ ಎದ್ದು ನಿಂತಳು, ಕಣ್ಣು ಮಾತ್ರ ಗೋಡೆಯ ಮೇಲೆ.

"ಸರ್, ಒಂದೇ ಒಂದು ಸಲ ನೋಡಿ ಬರ್ತೀನಿ. ಅವರು ನೀರು ಮುಟ್ಟೋವರೆಗೆ."

ಚಂದ್ರಮೋಹನ ಸುಮನ್ ಕಡೆ ನೋಡಿದರು. ಅವಳು ಪರದೆಯಿಂದ ಕಣ್ಣು ಕೀಳದೆ, "ಸರ್‌ಜೀ, ಆಯೀ, ಆಯೀ!" ಎಂದಳು, ಬಂದಳು ಬಂದಳು ಎಂದು.

ಕುಮಟಾದಲ್ಲಿ ಇನ್ನೂ ಬಿಸಿಲಿತ್ತು. ಸಣ್ಣ ಆಕೃತಿಯೊಂದು ಮರಳಿಗೆ ಇಳಿಯಿತು. ನೀರು ಎಷ್ಟೋ ದೂರವಿರುವಾಗಲೇ, ಗುಡಿಯ ಮುಂದೆ ಬಿಡುವ ಹಾಗೆ ಚಪ್ಪಲಿ ಬಿಟ್ಟಿತು. ತಲೆಯ ಮೇಲೆ ಸೆರಗು ಎಳೆದುಕೊಂಡಿತು. ಅಲೆ ಬಂತು, ಬಿಮ್ಲಾ ಹಿಂದೆ ಓಡಿದಳು. ಮತ್ತೆ ಹೋದಳು. ಈ ಸಲ ಅಲ್ಲೇ ನಿಂತಳು. ಎಡಕ್ಕೆ ನೋಡಿದಳು, ಕತ್ತು ತಿರುಗುವಷ್ಟೂ ನೋಡಿದಳು. ಬಲಕ್ಕೆ ನೋಡಿದಳು. ಚೌಕಟ್ಟು ಎಲ್ಲೂ ಇರಲಿಲ್ಲ. ಮೊಣಕಾಲೂರಿ ಕೂತು ಎರಡೂ ಕೈಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಒಂಬತ್ತನೇ ಮಹಡಿಯಲ್ಲಿ ಸೇಠಿ ಕೈಯಲ್ಲಿದ್ದ ಫೋನ್ ಕೆಳಗಿಟ್ಟರು. ಇಷ್ಟು ವರ್ಷ ಸಮುದ್ರ ಮಾರಿದ ಆ ಮನುಷ್ಯ ಅದನ್ನು ಅಂದೇ ಮೊದಲ ಸಲ ಕಂಡವರ ಹಾಗೆ ನಿಂತಿದ್ದರು. ಸುಮನ್ ಕಣ್ಣೊರೆಸಿಕೊಂಡಳು. ಚಂದ್ರಮೋಹನ ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ದೆಹಲಿ ಕತ್ತಲಾಗಿತ್ತು.

"ಸೂರ್ಯ ಮುಳುಗಿದ," ಎಂದರು ಅವರು. "ನಾಳೆ ಬೆಳಿಗ್ಗೆ ಬನ್ನಿ. ಬರ್ತೀರಲ್ಲ?"

"ಬರ್ತೀನಿ ಸರ್."

ಗುರುವಾರ ಬೆಳಿಗ್ಗೆ ಏಳೂವರೆಗೆ ಅಹಲ್ಯಾ ಕ್ಯಾಬಿನಲ್ಲಿ ತಾನೇ ಠಾಣೆಗೆ ಬಂದಳು. ಸುಮನ್ ಬಂಧನ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಹೇಳಿಕೆ ಬರೆದುಕೊಳ್ಳುತ್ತ ಚಂದ್ರಮೋಹನ ಕೇಳಿದರು, "ಯಾಕೆ ಮಾಡಿದಿರಿ?"

"ಕೆಲಸಕ್ಕೆ ಸೇರಿದಾಗ ನನಗೂ ಆ ಕೋಣೇಲಿ ಹಾಸಿಗೆ ಹಾಕೋದು ಕಲಿಸಿದ್ದು ಬಿಮ್ಲಾ ದೀದಿ. ಒಂದು ದಿನ ಚಾದರ ಎಳೆಯುತ್ತ ಆ ಚಿತ್ರ ತೋರಿಸಿ, ಸಮುದ್ರ ಇಷ್ಟೇನಾ, ಆಚೆ ಏನಿದೆ ಅಂತ ಕೇಳಿದ್ರು. ಇವರನ್ನು ಒಂದು ಸಲ ಕರೆದುಕೊಂಡು ಹೋಗೋಣ ಅಂತ ಕಂಪನೀನ ಕೇಳಿದೆ. ಅತಿಥಿಗಳ ಜಾಗಕ್ಕೆ ಕೆಲಸದವರಿಗೆ ಪ್ರವೇಶ ಇಲ್ಲ ಅಂದ್ರು."

ಆಗ ಠಾಣೆಯ ಫೋನ್ ರಿಂಗಣಿಸಿತು. ಕುಮಟಾದಿಂದ ಮಹಂತೇಶ್.

"ಸಾರ್, ನೀವು ಹೇಳಿದ ಹಾಗೆ ಆ ಅಮ್ಮನ್ನ ಯಾರೂ ಮಾತಾಡಿಸಿಲ್ಲ. ಆದರೆ ಒಂದು ವಿಷಯ. ಅವರು ರಾತ್ರಿ ಹಾಸಿಗೆ ಮೇಲೆ ಮಲಗೇ ಇಲ್ಲ. ಬಾಲ್ಕನೀಲಿ ಕುರ್ಚಿ ಹಾಕ್ಕೊಂಡು ಕೂತವರು ಇನ್ನೂ ಹಾಗೇ ಕೂತಿದ್ದಾರೆ, ಸಮುದ್ರ ನೋಡ್ತಾ. ಏನು ಮಾಡಲಿ?"

"ಅವರಿಗೆ ಚಹಾ ಕೊಡಿ," ಎಂದರು ಚಂದ್ರಮೋಹನ.