ನೇರವಾಗಿ ಬಂದವರು

ಟಿಕ್.

ಉಗುರಿನಿಂದ ಗಾಜು ತಟ್ಟಿದಷ್ಟೇ ಸಣ್ಣ ಸದ್ದು. ರಂಜಿತ ಎಚ್ಚರವಾಗಿಯೇ ಇದ್ದಳು. ಅಂಗಡಿಗೆ ಕಳ್ಳರು ನುಗ್ಗಿ ಹೋದ ಮೇಲೆ ಅವಳದು ಕೋಳಿನಿದ್ದೆ. ಆ ಸದ್ದಿನ ಬೆನ್ನಿಗೇ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಚಾಪೆ ಬಿಟ್ಟು ಏಳುವಷ್ಟರಲ್ಲಿ ಸೈರನ್ನು ಕಿಕ್ಕೇರಿಯ ಅರ್ಧ ಬೀದಿಯನ್ನು ಎಬ್ಬಿಸಿತ್ತು.

ಮುಂದೆ ಹಿಂಡಿ ಬೂಸಾದ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಟಾರ್ಚು ಹಿಡಿದು ಒಳಗೆ ಹೋದರೆ ಯಾರೂ ಇಲ್ಲ. ಮೂಟೆಗಳು ಇದ್ದ ಹಾಗೇ ಇದ್ದವು, ಶಟರ್ ಬೀಗ ಭದ್ರವಾಗಿತ್ತು. ಆಗತಾನೆ ಆರಿದ ಬತ್ತಿಯ ವಾಸನೆ ಮಾತ್ರ ಗಾಳಿಯಲ್ಲಿತ್ತು. ಅಜ್ಜಿ ಪುಟ್ಟತಾಯಮ್ಮ ಕಂಬಳಿ ಹೊದ್ದು ಬಂದು, ಕಳ್ಳ ಇಲ್ಲದ ಅಂಗಡಿಯನ್ನು ನೋಡಿ, ಬಂದ ದಾರಿಯಲ್ಲೇ ಹಿಂತಿರುಗಿದಳು.

ಬೆಳಿಗ್ಗೆ ದೊಡ್ಡಪ್ಪ ಶಿವಣ್ಣ ಹಲ್ಲುಜ್ಜುತ್ತಲೇ ಬಂದರು. ಕಟ್ಟಡ ಅವರದು. ಅಪ್ಪ ತೀರಿಕೊಂಡ ಮೇಲೆ, ಬಿ.ಕಾಂ. ಮುಗಿಸಿದ ಹುಡುಗಿ ಅಂಗಡಿ ನಡೆಸುತ್ತೇನೆಂದಾಗ ಅರೆಮನಸ್ಸಿನಿಂದ ಹೂಂ ಅಂದಿದ್ದವರು.

“ಮೂರ್ ಸಲ ಆಯ್ತು ಮಗ. ಬೀದಿಯವ್ರು ನನ್ ಕೇಳ್ತಾವ್ರೆ. ಇನ್ನೊಂದ್ ದಪ ಬಡ್ಕೊಂಡ್ರೆ ಬೀಗದ ಕೈ ನಂಗ್ ಕೊಟ್ಬುಡು.”

ಅವರು ಗದರಲಿಲ್ಲ. ಗದರಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಕಳ್ಳರ ಸುಳಿವು ಹಿಡಿದು ಸೈರನ್ ಕೂಗಿಸುವ ಆ ಸೆನ್ಸರ್ ಹಾಕಿದವನು ಸಿಂಧಘಟ್ಟದ ರಘುನಂದನ್. ಕೆ.ಆರ್. ಪೇಟೆಯಲ್ಲಿ ಕ್ಯಾಮೆರಾ, ಅಲಾರಂ ಅಂಗಡಿ ಇಟ್ಟಿದ್ದ. ಮೊದಲ ದಿನ ಅವನು ಮೂರು ಬಗೆಯ ಸೆನ್ಸರ್‌ಗಳನ್ನು ತಕ್ಕಡಿಯ ಪಕ್ಕ ಸಾಲಾಗಿ ಇಟ್ಟಾಗ, ರಂಜಿತ ನೋಟ್‌ಬುಕ್ ತೆರೆದು ಹದಿನಾಲ್ಕು ಪ್ರಶ್ನೆ ಓದಿದ್ದಳು. ಒಂದಕ್ಕೂ ಅವನು ನಗಲಿಲ್ಲ. ಒಂದು, ಮೈಯ ಶಾಖ ಕದಲಿದ್ದನ್ನು ಹಿಡಿಯುತ್ತದೆ ಅಂದ. ಇನ್ನೊಂದು, ರೇಡಿಯೋ ಅಲೆ ಕಳಿಸಿ ನೋಡುತ್ತದೆ, ತೆಳುಗೋಡೆಯಾಚೆಗೂ ಅದರ ಕಣ್ಣು ಹೋಗುತ್ತದೆ, ಹಾಗಾಗಿ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಹೋದರೂ ಕೂಗೀತು. ಮೂರನೆಯದರಲ್ಲಿ ಎರಡೂ ಇದೆ, ಈ ಪುಟ್ಟ ಅಂಗಡಿಗೆ ಅದು ಬೇಡ. ದುಬಾರಿಯದನ್ನು ತಾನೇ ಬೇಡವೆಂದು ಎತ್ತಿಟ್ಟ ವ್ಯಾಪಾರಿಯನ್ನು ಅವಳು ತಲೆಯೆತ್ತಿ ನೋಡಿದ್ದಳು. ಅವನೂ ಆಗಲೇ ನೋಡಿದ. ಇಬ್ಬರೂ ತಕ್ಕಡಿಯ ಕಡೆ ತಿರುಗಿದರು, ಅದರ ಮೇಲೆ ಏನೂ ಇಲ್ಲದಿದ್ದರೂ.

“ನಮ್ಮನೇಲಿ ಬೆಕ್ಕಿದೆ,” ಅಂದಿದ್ದಳು.

“ನೆಲದ ಮೇಲೆ ಓಡಾಡೋ ಬೆಕ್ಕನ್ನ ಬುಟ್ಬುಡ್ತದೆ. ಮೂಟೆ ಮೇಲೆ ಹತ್ತಿದ್ರೆ ಮಾತ್ರ ಬೆಕ್ಕೂ ಮನುಷ್ಯನೆ.”

ನಡುಬಾಗಿಲ ಮೇಲೆ ಶಾಖ ಹಿಡಿಯುವ ಸೆನ್ಸರ್ ಕೂರಿಸಿ, ಅಂಗಡಿಯೊಳಗೆ ಓಡಾಡಿ ತೋರಿಸಲು ಹೇಳಿದ್ದ. ಅವಳು ನಡೆದಾಗ ಟಿಕ್ ಎಂದು ಕೆಂಪು ದೀಪ ಮಿನುಗಿತು. ಅಜ್ಜಿಯೂ ನಡೆದು ನೋಡಿದಳು.

“ಮುದುಕಿ ಕಂಡ್ರೂ ಕೆಂಪಗಾಯ್ತದಲ್ಲ ಕಣ್ಲಾ ಇದು,” ಅಂದಳು. ಆಮೇಲೆ ಅವನ ಮುಖ ನೋಡಿ, “ನೀನೇನ್ಲಾ ಮಗ, ನೀನೂ ಅಂಗೇ ಆಗಿದೀಯ.”

ಮೊದಲ ಸಲ ಸೈರನ್ ಕೂಗಿದಾಗ ಬೆಕ್ಕಿನ ಮೇಲೆ ಅನುಮಾನ ಬಂತು. ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿದರು. ಮತ್ತೆ ಕೂಗಿತು. ಅವನು ಸೆನ್ಸರನ್ನೇ ಬದಲಿಸಿದ. ಈಗ ಮೂರನೆಯ ಸಲ. ರಂಜಿತ ಪಾಂಡವಪುರದ ಇನ್ನೊಂದು ಅಂಗಡಿಗೆ ಫೋನ್ ಮಾಡಿ, ಅವರು ಹೇಳಿದ ಮಾಡೆಲ್ ಹೆಸರು ಬರೆದಿಟ್ಟುಕೊಂಡಳು. ಮಧ್ಯಾಹ್ನ ರಘುನಂದನ್ ಬಂದಾಗ ಆ ಹಾಳೆ ಗಲ್ಲಾಪೆಟ್ಟಿಗೆಯ ಮೇಲೇ ಇತ್ತು.

ಅವನು ಓದಿದ. ಅವಳ ಕಿವಿ ಬಿಸಿಯಾಯಿತು.

ಮಾಡೆಲ್ ಒಳ್ಳೆಯದೇ, ಆದರೆ ಅದು ಅಲೆಯದು, ರಸ್ತೆ ಪಕ್ಕಕ್ಕೆ ಆಗಿಬರುವುದಿಲ್ಲ ಎಂದಷ್ಟೇ ಹೇಳಿ ಹಾಳೆಯನ್ನು ಇದ್ದಲ್ಲೇ ಇಟ್ಟ. ಬೇಕೆಂದರೆ ಈಗಲೇ ತನ್ನದನ್ನು ಬಿಚ್ಚಿಕೊಂಡು ಹೋಗುತ್ತೇನೆ ಅಂದ. ಮಾತಿನಲ್ಲಿ ಮುನಿಸಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಕೈ ಮಾತ್ರ ಜೇಬಿಗೂ ಹೋಗದೆ, ಮೇಲಕ್ಕೂ ಏಳದೆ ನಿಂತಿತ್ತು.

ರಂಜಿತ ನೋಟ್‌ಬುಕ್ ತಿರುಗಿಸಿ ಅವನ ಮುಂದಿಟ್ಟಳು. ಮೂರು ತಾರೀಕು. ಮೂರೂ ಶುಕ್ರವಾರ ರಾತ್ರಿ. ಮೂರೂ ಸಲ ಹೊತ್ತು ಒಂದು ಗಂಟೆಯ ಆಸುಪಾಸು.

“ಶುಕ್ರವಾರವೇ ಬರೋ ಕಳ್ಳ ಯಾರು ಹೇಳಿ?”

ಅವನು ತುಂಬ ಹೊತ್ತು ಆ ಪುಟ ನೋಡಿದ. ಅವಳ ದುಂಡು ಅಕ್ಷರವನ್ನು ನೋಡುತ್ತಿದ್ದನೋ ತಾರೀಕನ್ನೋ, ಅವಳಿಗೆ ಗೊತ್ತಾಗಲಿಲ್ಲ.

“ಬರೋ ಶುಕ್ರವಾರ ನಾನೇ ಕಾಯ್ತೀನಿ,” ಅಂದ.

ಅಜ್ಜಿ ಒಪ್ಪಿದಳು, ತಾನೂ ಜೊತೆಗಿರುವ ಷರತ್ತಿನ ಮೇಲೆ. ಶುಕ್ರವಾರ ಅವಳು ಬೇಗನೆ ಉಂಡು, ಪ್ರತಿ ವಾರದಂತೆ ಅಂಗಡಿಯ ಗೂಡಿನಲ್ಲಿ ಲಕ್ಷ್ಮಿ ಪಟದ ಮುಂದೆ ಹಣತೆ ಹಚ್ಚಿಟ್ಟು, ನಡುಬಾಗಿಲ ಪಕ್ಕದಲ್ಲಿ ಮನೆಯೊಳಗೆ ಚಾಪೆ ಹಾಸಿಕೊಂಡಳು. ರಘುನಂದನ್ ಬಂದವನೇ ಸೈರನ್ನಿನ ವೈರು ಬಿಚ್ಚಿದ. ಇವತ್ತು ಬೀದಿ ಏಳುವ ಹಾಗಿಲ್ಲ. ನಡುಬಾಗಿಲ ಹೊಸಿಲಿನ ಮೇಲೆ, ಸೆನ್ಸರಿನ ಕಣ್ಣಿಗೆ ಬೀಳದ ಹಾಗೆ ಅದರ ಕೆಳಗೇ ಇಬ್ಬರೂ ಕೂತರು. ನಡುವೆ ಒಂದು ಮೊಳ ಜಾಗ, ಅದರಲ್ಲಿ ಕಾಫಿ ಫ್ಲಾಸ್ಕು.

ಹತ್ತು ಗಂಟೆಗೇ ಅಜ್ಜಿಯ ಗೊರಕೆ ಶುರುವಾಯಿತು.

ಅವರು ಪಿಸುದನಿಯಲ್ಲಿ ಮಾತಾಡಿದರು. ರಾತ್ರಿ ಮಲಗುವ ಮುನ್ನ ಎಷ್ಟು ಸಲ ಬೀಗ ಎಳೆದು ನೋಡುತ್ತೀರಿ ಎಂದು ಅವನು ಕೇಳಿದ. ಐದು ಎಂದು ಅವಳು ಸುಳ್ಳು ಹೇಳಿದಳು. ಅವನು ತಾನು ಏಳು ಸಲ ಅಂದ. ನಗು ತಡೆಯಲು ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಎಷ್ಟೋ ವಾರಗಳ ಮೇಲೆ, ಕತ್ತಲಲ್ಲಿ ಕೂತೂ ಅವಳಿಗೆ ಹೆದರಿಕೆಯಾಗಲಿಲ್ಲ.

ಒಂದು ಗಂಟೆ ದಾಟಿರಬೇಕು. ಗೂಡಿನ ಹಣತೆಯಲ್ಲಿ ಎಣ್ಣೆ ಮುಗಿಯುತ್ತ ಬಂದಿತ್ತು. ಬತ್ತಿ ತಲೆ ತಗ್ಗಿಸಿ, ಒಮ್ಮೆಲೇ ಭಗ್ಗನೆ ಉದ್ದಕ್ಕೆ ಉರಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡಿತು.

ಟಿಕ್.

ದೀಪ ಆರಿತು. ಬತ್ತಿಯ ವಾಸನೆ ಹಬ್ಬಿತು. ರಂಜಿತ ಹುಟ್ಟಿದಾಗಿನಿಂದ ಪ್ರತಿ ಶುಕ್ರವಾರ ನೋಡಿದ ದೀಪ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

“ಶಾಖ ಕದಲ್ತು. ಯಾರೋ ಬಂದ್ರು ಅನ್ಕೊಂಡ್ತು,” ಅಂದ ರಘುನಂದನ್. ತಲೆಯೆತ್ತಿ ಸೆನ್ಸರ್ ನೋಡಿ, “ತಪ್ಪು ದೀಪದ್ದಲ್ಲ, ನಂದು. ಗೂಡು ಕಣ್ಣಿಗೆ ಬೀಳೋ ಹಂಗೆ ಹಾಕ್ಬಾರ್ದಿತ್ತು. ಅದೂ ಅಲ್ದೆ ಶಟರ್‌ಗೆ ನೇರವಾಗಿ ಹಾಕಿದೀನಿ. ಇದು ಅಡ್ಡ ಹಾಯೋರ್ನ ಬೇಗ ಹಿಡೀತದೆ, ನೇರವಾಗಿ ಬರೋರ್ನ ತಡವಾಗಿ. ಪಕ್ಕದ ಗೋಡೆಗೆ ಹಾಕ್ಬೇಕಿತ್ತು. ಈ ಕೆಲ್ಸ ಕಲಿಯೋ ಮೊದಲ್ನೆ ದಿನ ಹೇಳ್ಕೊಡೋ ಪಾಠ ಅದು.”

“ಮತ್ತೆ ಇಲ್ಲಿ ಯಾಕೆ ಹಾಕಿದ್ರಿ?”

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿದ.

“ಅವತ್ತು ಜಾಗ ಆರ್ಸುವಾಗ ನೀವು ಈ ಬಾಗ್ಲಲ್ಲಿ ನಿಂತಿದ್ರಿ. ನಾನ್ ಗೋಡೆ ನೋಡ್ಲಿಲ್ಲ ರಂಜಿತಾ ಅವ್ರೆ.”

ಅಜ್ಜಿಯ ಗೊರಕೆ ಒಂದು ಕ್ಷಣ ನಿಂತು ಮುಂದುವರಿಯಿತು. ಅವನು ತಡಮಾಡದೆ ಎದ್ದ. ನಾಳೆಯೇ ಶಿವಣ್ಣನವರ ಮುಂದೆ ನಿಂತು ತಪ್ಪು ತನ್ನದೆಂದು ಹೇಳುತ್ತೇನೆ, ಅಂಗಡಿ ನಿಮ್ಮ ಕೈಯಲ್ಲೇ ಉಳಿಯಬೇಕು ಅಂದ. ಟಾರ್ಚಿನ ಬೆಳಕಿನಲ್ಲಿ ಸೆನ್ಸರ್ ಬಿಚ್ಚಿ, ಗೂಡಿರುವ ಪಕ್ಕದ ಗೋಡೆಗೇ ಶಟರ್ ಬಳಿ ಟೇಪಿನಿಂದ ಅಂಟಿಸಿದ. ಅಲ್ಲಿಂದ ಗೂಡು ಅದರ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಡ್ರಿಲ್ ಮಾಡಿದರಾಯಿತು. ಆಮೇಲೆ ಗೂಡಿನ ಕೆಳಗೆ ಗೋಡೆಗೊತ್ತಿ ನಿಂತು, ಶಟರ್ ಕಡೆಯಿಂದ ಒಳಗೆ ನಡೆದು ಬರಲು ಅವಳಿಗೆ ಹೇಳಿದ.

ಎರಡನೆಯ ಹೆಜ್ಜೆಗೇ ಕೆಂಪು ಮಿನುಗಿತು.

ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಅವಳು ನಿಲ್ಲಲಿಲ್ಲ. ಮೂಟೆಗಳ ನಡುವೆ ಅವನು ನಿಂತಲ್ಲಿಗೇ ಹೋಗಿ, ಒಂದು ಮೊಳಕ್ಕಿಂತ ಹತ್ತಿರ ನಿಂತಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಎರಡು ಸಲ ತೂಗಿ ನೋಡಿದಳು.

“ನನಗೂ ಸೆನ್ಸರಿನ ಹಾಗೇನೇ. ನೇರವಾಗಿ ಬಂದವರು ತಡವಾಗಿ ಕಂಡರು.”

ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಮೂಟೆಯ ಮೇಲಿಟ್ಟಳು. ಖಾಲಿಯಾದ ಆ ಕೈ ಅವಳ ಬೆರಳುಗಳನ್ನು ಹಿಡಿದುಕೊಂಡಿತು. ಗೋಡೆಯ ಮೇಲೆ ಸೆನ್ಸರ್ ಕೆಂಪಗೆ ಮಿನುಗುತ್ತಲೇ ಇತ್ತು. ಸೈರನ್ನಿಗೆ ವೈರಿರಲಿಲ್ಲ.

ಬೆಳಿಗ್ಗೆ ಅಜ್ಜಿ ಹಣತೆ ತೊಳೆಯುತ್ತ ಕೇಳಿದಳು. “ಕಳ್ಳ ಸಿಕ್ಕುದ್ನಾ ಮಗ?”

ದೀಪದ ವಿಷಯ ತಿಳಿದರೆ ಅಜ್ಜಿ ಇನ್ನು ಅದನ್ನು ಹಚ್ಚುವುದಿಲ್ಲ. ರಘುನಂದನ್ ಕೆಲಸದಲ್ಲಿ ತಪ್ಪಿದ್ದು ತಿಳಿದರೆ ದೊಡ್ಡಪ್ಪ ಊರಿಗೆಲ್ಲ ಹೇಳುತ್ತಾರೆ. ಅವನಿಗೂ ಬಾಯಿ ಬಿಡಬೇಡಿ ಅನ್ನಬೇಕು. ಸೆನ್ಸರಿನ ಜಾಗ ಬದಲಾಯಿತು, ಇನ್ನು ಕೂಗುವುದಿಲ್ಲ ಅಂದರೆ ದೊಡ್ಡಪ್ಪನಿಗೆ ಸಾಕು. ಇನ್ನುಳಿದದ್ದು, ಮೂಟೆಗಳ ನಡುವೆ ಆದದ್ದು, ಸದ್ಯಕ್ಕೆ ಅವಳದು ಮತ್ತು ಅವನದು.

“ಯಾರೂ ಬರ್ಲಿಲ್ಲ ಅಜ್ಜಿ,” ಅಂದಳು. ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ತಾರೀಕು ಬರೆಯಲು ಪೆನ್ನು ತೆರೆದವಳು, ಹಾಗೇ ಮುಚ್ಚಿದಳು.