ಎಡಗಡೆಯ ಗಿಟಾರ್

“ಭಕ್ತಿಗೀತೆ ಕೇಳೋಕಾದ್ರೆ ಇಷ್ಟು ದೊಡ್ಡ ಹೆಡ್‌ಫೋನ್ ಬೇಡ ಮೇಡಂ. ಕೆಳಗೆ ಫುಟ್‌ಪಾತಲ್ಲೇ ಸಿಗುತ್ತೆ.”

ತಲೆ ಎತ್ತದೆ ಆಡಿದ ಮಾತು. ರೇವಂತ್ ಶೈಲಶ್ರೀಗೆ ಹೇಳಿದ ಮೊಟ್ಟಮೊದಲ ಮಾತೂ ಅದೇ.

ಅವಳ ಹಣೆಯಲ್ಲಿ ವಿಭೂತಿಯ ಗೆರೆ, ಎಣ್ಣೆ ಹಚ್ಚಿ ಹೆಣೆದ ಜಡೆ, ಬಾಯಿ ತೆರೆದರೆ ಗದಗಿನ ಕನ್ನಡ. ತೀರ್ಮಾನಕ್ಕೆ ಬರಲು ಅವನಿಗೆ ಅಷ್ಟು ಸಾಕಾಗಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ಬ್ಯಾಗಿನಿಂದ ಒಂದು ಸಿಡಿ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು. ಅದರ ಮೇಲೆ ತಲೆಬುರುಡೆ, ಬುರುಡೆಯ ಬಾಯಲ್ಲಿ ಬೆಂಕಿ.

ಈಗ ತಲೆ ಎತ್ತಿದ.

“ನಿಮ್ಮಣ್ಣಂದಾ?”

“ನಂದು. ಹಾಕ್ರಿ.”

ಜಯನಗರ ನಾಲ್ಕನೇ ಬ್ಲಾಕಿನ ಆ ಮಹಡಿ ಅಂಗಡಿಯ ವೈಭವವನ್ನು ಸ್ವಲ್ಪ ಹೇಳಲೇಬೇಕು. ಸಾರಕ್ಕಿಯ ಬೈರಣ್ಣನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿ, ಬಂದದ್ದನ್ನೆಲ್ಲ ಒಬ್ಬನೇ ಮಗ ರೇವಂತನ ಹುಚ್ಚಿಗೆ ಸುರಿದು ಹಾಕಿಕೊಟ್ಟ ಅಂಗಡಿ ಅದು. ಬರೀ ದುಬಾರಿ ಹೆಡ್‌ಫೋನುಗಳು. ಬರುವ ಗಿರಾಕಿಗಳೋ, ಹಾಡು ಕೇಳಲು ಹೆಡ್‌ಫೋನ್ ಕೊಳ್ಳುವವರಲ್ಲ. ಹೆಡ್‌ಫೋನ್ ಕೇಳಲು ಹಾಡು ಹಾಕಿಸಿಕೊಳ್ಳುವ ಜನ. ಒಬ್ಬರಿಗೆ ಗಾಜು ಒಡೆಯುವ ಸದ್ದಿನ ಸಿಡಿಯೇ ಬೇಕು. ಇನ್ನೊಬ್ಬರಿಗೆ ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಬೇಕು, ಆಕೆ ಹಾಡಿದ್ದೇನೆಂದು ಕೇಳಿದರೆ ಗೊತ್ತಿಲ್ಲ. ರೇವಂತನಿಗೆ ಅವರೆಲ್ಲರ ಮೇಲೂ ತಾತ್ಸಾರ. ಧಡಧಡ ಎನ್ನುವ ಬಾಸ್ ಜಾಸ್ತಿ ಇರಲಿ ಎಂದವರಿಗೆ ಆಟೋ ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದ. ಅವನ ಸೊಕ್ಕಿನಿಂದಲೇ ಅಂಗಡಿಗೆ ಹೆಸರು ಬಂದಿತ್ತು. ದುಡ್ಡಿದ್ದವರಿಗೆ ಬೈಸಿಕೊಂಡು ಕೊಂಡರೇ ಸಮಾಧಾನ.

ಶೈಲಶ್ರೀಯ ತಾತ್ಸಾರವೂ ಕಡಿಮೆಯದಲ್ಲ. ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಗೊಣಗಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ ಅವಳದು. ಯಾರಿಗೂ ಅರ್ಥವಾಗದ ಗೊಣಗಾಟ ಕೊನೆಗೆ ಅವಳ ಟೇಬಲ್ಲಿಗೇ ಬರುತ್ತಿತ್ತು. ಆ ಗೊಣಗಾಟ ಕಿವಿಯಿಂದ ತೊಳೆದುಹೋಗಲಿ ಎಂದೇ ಅವಳು ರೂಮಿನಲ್ಲಿ ಮೆಟಲ್ ಎಂಬ ಆರ್ಭಟದ ಸಂಗೀತ ಹಾಕುತ್ತಿದ್ದದ್ದು. ಪಕ್ಕದ ರೂಮಿನವರು ಗೋಡೆ ಬಡಿಯತೊಡಗಿದ ಮೇಲೆ, ಒಳ್ಳೆಯ ಹೆಡ್‌ಫೋನ್ ಕೊಳ್ಳಲು ಇಲ್ಲಿಗೆ ಬಂದಿದ್ದಳು.

ರೇವಂತ್ ಒಂದು ಹೆಡ್‌ಫೋನ್ ಕೊಟ್ಟ. ಅವಳು ಅರೆಗಳಿಗೆ ಕೇಳಿ ತೆಗೆದಿಟ್ಟಳು.

“ಇದರಾಗ ಗಿಟಾರ್ ಎರಡು ಅದಾವ್ರಿ. ಒಂದು ಈ ಕಿವಿಗೆ, ಒಂದು ಆ ಕಿವಿಗೆ. ಎರಡೂ ಗುದ್ದಾಡಬೇಕು. ನೀವು ಕೊಟ್ಟಿದ್ದರಾಗ ಎಡಗಡೆಯಾಂವ ಸತ್ತಾನ.”

ಹುಡುಗಿಗೆ ವಿಷಯ ಗೊತ್ತು ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಇನ್ನೊಂದು ಕೊಟ್ಟ. ಡ್ರಮ್ಮಿನ ಪೆಟ್ಟು ಬಿಡಿಬಿಡಿಯಾಗಿ ಕೇಳುವಂಥದ್ದು, ಮೆಟಲ್‌ಗೆ ಹೇಳಿ ಮಾಡಿಸಿದಂಥದ್ದು. ಪೆಟ್ಟೇನೋ ಚೆನ್ನಾಗಿದೆ, ಎಡಗಡೆ ಮಾತ್ರ ಇಲ್ಲವೆಂದಳು. ಮತ್ತೊಂದು ಕೊಟ್ಟ. ಅದರಲ್ಲೂ ಎಡಗಡೆಯವನು ಸತ್ತಿದ್ದ. ಅಂಗಡಿ ತುಂಬ ಇಂಥ ಮಾಲೇ ಇರುವುದೇ ಎಂದು ಅವಳು ಕೇಳಿದಾಗ ರೇವಂತನ ನೆತ್ತಿ ಬಿಸಿಯಾಯಿತು.

‘ನಾಲ್ಕು ಇಂಗ್ಲಿಷ್ ಸಿಡಿ ಇಟ್ಕೊಂಡು ನನಗೇ ಪಾಠ ಹೇಳ್ತಾಳೆ...’

ಅದೇ ಹೆಡ್‌ಫೋನನ್ನು ತಾನು ಹಾಕಿಕೊಂಡು ನೋಡಿದ. ಎರಡೂ ಗಿಟಾರು ಜೀವಂತವಾಗಿದ್ದವು. ಮತ್ತೆ ಅವಳ ತಲೆಗೆ ಹಾಕುವಾಗ ಬೇಕೆಂದೇ ಹಿಂದುಮುಂದು ಮಾಡಿದ, ಎಡಗಿವಿಯದು ಬಲಗಿವಿಗೆ ಬರುವ ಹಾಗೆ. ವೈರು ಈ ಸಲ ಬಲಭುಜದ ಮೇಲೆ ಬಿದ್ದದ್ದನ್ನು ಅವಳು ಕಂಡಳು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಈಗ?”

“ಈಗೂ ಅಷ್ಟ. ಎಡಗಡೆ ಇಲ್ಲ.”

ನಾಲಿಗೆ ತುದಿಗೆ ಬಂದಿದ್ದ ಕುಹಕ ಅಲ್ಲೇ ನಿಂತಿತು. ಹೆಡ್‌ಫೋನ್ ಕೆಟ್ಟಿದ್ದರೆ ಈಗ ಬಲಗಡೆ ಸಾಯಬೇಕಿತ್ತು. ಕೆಟ್ಟಿರುವುದು ಹೆಡ್‌ಫೋನ್ ಅಲ್ಲ... ಅವಳ ಎಡಗಿವಿ.

ಆಫೀಸಿನಲ್ಲಿ ಏನು ಕೇಳುತ್ತೀರಿ ಎಂದು ಮೆಲ್ಲಗೆ ವಿಚಾರಿಸಿದ. ಅಲ್ಲಿ ಎರಡು ಕಿವಿಗೂ ಒಂದೇ ಸದ್ದು ಬರುತ್ತದಂತೆ. ಮತ್ತೆ ಹೇಗೆ ತಿಳಿದೀತು? ಒಂದು ಕಿವಿ ಕೇಳಿದ್ದನ್ನು ಎರಡೂ ಕೇಳಿದವು ಎಂದುಕೊಂಡೇ ಅವಳು ಇಷ್ಟು ವರ್ಷ ಬಂದಿದ್ದಳು.

“ನನ್ನ ಕಿವಿಗೆ ಮೋಸ ಮಾಡಾಕ ಆಗಂಗಿಲ್ರಿ,” ಅಂದಳು ಶೈಲಶ್ರೀ, ಗತ್ತಿನಿಂದಲೇ. “ಈ ಕಿವೀನ ನನ್ನ ಅನ್ನ.”

ಇಡೀ ಜಯನಗರವನ್ನು ಮುಖದ ಮೇಲೆ ಬಯ್ಯುವ ಗಂಡಸು, ಒಂದು ನಿಜ ಹೇಳಲಾರದೆ ಬೆವರಿದ. ಈ ಸಲ ಬಂದ ಮಾಲಿನಲ್ಲಿ ಎಡಗಡೆ ವೈರು ಸಡಿಲ ಇದೆ, ಸರಿ ಮಾಡಿ ಇಟ್ಟಿರ್ತೀನಿ, ಶನಿವಾರ ಬನ್ನಿ ಎಂದು ಸುಳ್ಳು ಹೇಳಿದ. ಅವಳು ಹೋದ ಮೇಲೆ ಒಂದು ಒಳ್ಳೆಯ ಹೆಡ್‌ಫೋನ್ ಬಿಚ್ಚಿ, ಸದ್ದು ಏರಿಸಿದಾಗ ಅವಳ ಎರಡು ಕಿವಿಗೂ ಸಮವಾಗಲೆಂದು, ಬಲಗಡೆಯದು ಮಾತ್ರ ಕಡಿಮೆಯಾಗುವಂತೆ ಒಳಗೆ ಬೆಸುಗೆ ಹಾಕಿದ. ಅಷ್ಟು ದುಬಾರಿ ಸಾಮಾನನ್ನು ತನ್ನ ಕೈಯಾರೆ ಕೆಡಿಸಿದ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅಂಗಡಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ.

ಶನಿವಾರ ಅವಳು ಅದನ್ನು ಹಾಕಿಕೊಂಡಳು. ರೇವಂತ್ ಸದ್ದು ಏರಿಸಿದ, ಹಾಡು ಶುರುವಾಯಿತು. ಅವಳ ಕಣ್ಣು ತಾನಾಗಿ ಮುಚ್ಚಿತು, ಎಡಗೈ ತಾನಾಗಿ ಎಡಗಿವಿಯ ಮೇಲೆ ಹೋಯಿತು. ಎರಡು ಗಿಟಾರು ಮೊದಲ ಸಲ ಅವಳ ತಲೆಯೊಳಗೆ ಗುದ್ದಾಡಿದವು. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು. ರೇವಂತ್ ಬಿಲ್ಲಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಬರೆಯತೊಡಗಿದ.

ಆಮೇಲೆ ಅವಳು ಪ್ರತಿ ಶನಿವಾರ ಬಂದಳು. ಕೆಳಗಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಇಬ್ಬರೂ ಸೇರಿ ಲೋಕವನ್ನೆಲ್ಲ ಹಳಿದರು. ಅಲ್ಲಿ ಅವನು ಯಾವಾಗಲೂ ಅವಳ ಬಲಗಡೆಯೇ ಕೂರುತ್ತಿದ್ದ, ಅವಳಿಗೆ ಕಾರಣ ತಿಳಿಯಲಿಲ್ಲ. ಇವತ್ತು ಕಿವಿಯ ವಿಷಯ ಹೇಳಿಬಿಡಬೇಕು ಅಂತ ಅವನು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದ. ಕಾಫಿ ಮುಗಿಯುತ್ತಿತ್ತು, ಪುಕ್ಕಲ ಬಿಲ್ಲು ಕೊಟ್ಟು ಎದ್ದು ಬರುತ್ತಿದ್ದ.

ಹುಳುಕು ಹೊರಗೆ ಹಾಕಿದ್ದು ಮೌನೇಶ. ಶೈಲಶ್ರೀಯ ಆಫೀಸಿನವನು. ಹೆಸರು ಮೌನೇಶ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅವಳ ಹೆಡ್‌ಫೋನ್ ಕಸಿದು ಹಾಕಿಕೊಂಡವನೇ ಹೋ ಎಂದು ನಕ್ಕ. ಬಲಗಡೆ ಸದ್ದೇ ಇಲ್ಲ, ಹಳ್ಳಿಯವಳು ಅಂತ ನಿನಗೆ ಕೆಟ್ಟ ಮಾಲು ತಗುಲಿ ಹಾಕಿದ್ದಾನೆ ಎಂದು ಎಲ್ಲರೆದುರು ಸಾರಿದ. ಇನ್ನಿಬ್ಬರು ಹಾಕಿಕೊಂಡು ನೋಡಿ ಹೌದೆಂದರು.

ಶೈಲಶ್ರೀಗೆ ಉರಿದುಹೋಯಿತು. ‘ಕಾಫಿ ಕುಡಿಸಿದ್ದೂ ಇದನ್ನ ಮುಚ್ಚಾಕೇನು?’ ಅದೇ ಸಂಜೆ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಹೆಡ್‌ಫೋನನ್ನು ಕೌಂಟರಿನ ಮೇಲೆ ಬಿಸಾಡಿದಳು.

“ಕೆಡಿಸಿದ್ದನ್ನ ಮಾರಾಕ ನಾನ ಸಿಕ್ಕೆನೇನ್ರಿ?”

ಅವನ ಮುಖ ಬಿಳಿಚಿತು. “ಹೌದು, ನಾನೇ ಕೆಡಿಸಿದ್ದು. ಹೊಸದು ಕೊಡ್ತೀನಿ, ತಗೊಂಡು ಹೋಗಿ. ಇಲ್ಲಿ ಮಾತ್ರ ಹಾಕ್ಕೊಂಡು ನೋಡ್ಬೇಡಿ.”

ಬೇಡ ಎಂದದ್ದನ್ನೇ ಅವಳು ಮಾಡಿದಳು. ಸೀಲು ಒಡೆದಳು, ತನ್ನ ಹಾಡು ಹಾಕಿದಳು. ಎಡಗಡೆಯವನು ಸತ್ತಿದ್ದ.

ತೆಗೆದು ನೋಡಿದಳು. ಎಡ ಬಲ ಸರಿಯಾಗಿಯೇ ಇತ್ತು. ಆಗ, ಮೊದಲ ದಿನ ಬಲಭುಜದ ಮೇಲೆ ಬಿದ್ದಿದ್ದ ಆ ವೈರು ನೆನಪಿಗೆ ಬಂತು. ತಾನೇ ಹಿಂದುಮುಂದು ಮಾಡಿ ಹಾಕಿಕೊಂಡಳು.

ಈಗಲೂ ಸತ್ತದ್ದು ಎಡಗಡೆಯೇ.

ಶೈಲಶ್ರೀ ಹೆಡ್‌ಫೋನನ್ನು ನಿಧಾನವಾಗಿ ಕೆಳಗಿಟ್ಟಳು. ತನ್ನ ಅನ್ನ ಅರ್ಧ ಹಳಸಿತ್ತು, ಅದು ಇವನಿಗೆ ಮೊದಲ ದಿನದಿಂದ ಗೊತ್ತಿತ್ತು!

“ಕನಿಕರಾ?” ಎಂದಳು. ದನಿ ಒಡೆದಿತ್ತು. “ಇಷ್ಟು ದಿನ ನನಗ ಕನಿಕರ ತೋರ್ಸಿದ್ರಿ?”

“ನನಗೆ ಕನಿಕರ ಬರಲ್ಲ ಅಂತ ಇಡೀ ಫೋರ್ತ್ ಬ್ಲಾಕ್‌ಗೇ ಗೊತ್ತು. ಹೆದರಿಕೆ ಶೈಲಶ್ರೀ. ಹೇಳಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು.”

ಅವಳು ಹೊರಟುಹೋದಳು. ಮುಂದಿನ ಶನಿವಾರವೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ರೇವಂತ್ ಗಿರಾಕಿಗಳನ್ನು ಬಯ್ಯುವುದನ್ನೇ ಬಿಟ್ಟ. ಅವರಿಗೆ ಅಂಗಡಿ ಸಪ್ಪೆಯಾಯಿತು.

ಅವಳು ಒಬ್ಬಳೇ ಕಿವಿ ಡಾಕ್ಟರ ಹತ್ತಿರ ಹೋಗಿದ್ದಳು. ಚಿಕ್ಕಂದಿನಲ್ಲಿ ಕಿವಿ ಸೋರಿದಾಗಲೆಲ್ಲ ಅವ್ವ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುತ್ತಿದ್ದಳು, ಸೋರುವುದು ನಿಂತ ಮೇಲೆ ಎಲ್ಲರೂ ಮರೆತಿದ್ದರು. ಒಳಗೆ ಕಿವಿಯ ತಮಟೆಯಲ್ಲಿ ತೂತು ಉಳಿದಿತ್ತು. ಆಪರೇಷನ್ ಮಾಡಿ ಮುಚ್ಚಬಹುದು, ಬಹುಪಾಲು ಕೇಳಿಸೀತು ಎಂದರು ಡಾಕ್ಟರು. ಆ ರಾತ್ರಿ ಅವಳು ತುಂಬ ಅತ್ತಳು. ಅಳು ಮುಗಿದಾಗ ನೆನಪಾದದ್ದು ಹೋಟೆಲಿನ ಕುರ್ಚಿ. ಯಾವಾಗಲೂ ಬಲಗಡೆಯದು.

ಮರುದಿನ ಅಂಗಡಿಗೆ ಫೋನ್ ಬಂತು.

“ಆಪರೇಷನ್ ದಿವಸ ಜೋಡಿಗೆ ಒಬ್ರು ಬೇಕಂತರಿ. ಮೌನೇಶ ಬರ್ತೀನಂತಾನ. ಅವನ ಬಾಯಿ ತಡಕೊಳ್ಳಾಕ ಆಗಂಗಿಲ್ರಿ, ನನಗ ಇನ್ನೂ ಒಂದು ಕಿವಿ ಚಲೋ ಐತಿ.”

“ಬರ್ತೀನಿ,” ಎಂದ ರೇವಂತ್.

ಗಾಯ ಮಾಯುವವರೆಗೆ ಬನಶಂಕರಿಯ ಬಸ್ಸಿನಲ್ಲಾಗಲಿ, ಡಾಕ್ಟರ ಬೆಂಚಿನ ಮೇಲಾಗಲಿ ಅವನು ಬಲಗಡೆ ಬಿಟ್ಟು ಕದಲಲಿಲ್ಲ. ಲಗ್ನದ ಮಾತು ಮಾತ್ರ ಬಾಯಿಗೆ ಬರಲೇ ಇಲ್ಲ. ಇಷ್ಟಾದರೂ ಪುಕ್ಕಲ ಪುಕ್ಕಲನೇ.

ಹೆಡ್‌ಫೋನ್ ಹಾಕಿಕೊಳ್ಳಲು ಡಾಕ್ಟರು ಹೂಂ ಎಂದ ದಿನ ಅವಳು ಅಂಗಡಿಗೆ ಬಂದಳು. ಅವಳು ಬಿಸಾಡಿದ್ದ ಹೆಡ್‌ಫೋನಿಗೆ ತಾನೇ ಹಾಕಿದ್ದ ಬೆಸುಗೆಯನ್ನು ಅವನು ಬಿಚ್ಚಿ ತೆಗೆದಿದ್ದ. ಸದ್ದು ಕಡಿಮೆ ಇಟ್ಟು ಅದೇ ತಲೆಬುರುಡೆಯ ಸಿಡಿ ಹಾಕಿದ. ಅವಳು ಇಡೀ ಹಾಡು ಕೇಳಿದಳು. ಎಡಗಡೆಯ ಗಿಟಾರು ಬಲಗಡೆಯದಕ್ಕಿಂತ ತುಸು ಮೆತ್ತಗಿತ್ತು, ಆದರೆ ಇತ್ತು.

“ಸತ್ತಾಂವ ಎದ್ದಾನ,” ಎಂದು ಹೆಡ್‌ಫೋನ್ ತೆಗೆದಳು.

ರೇವಂತ್ ಎದ್ದು ಬಂದು, ಮೊದಲ ಸಲ ಅವಳ ಎಡಗಡೆ ನಿಂತ. ತೀರಾ ಮೆಲುದನಿಯಲ್ಲಿ ಹೇಳಿದ.

“ನನ್ನ ಮದುವೆ ಆಗ್ತೀಯಾ?”

ಅವಳು ಅಲುಗಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವನ ಮುಖ ಬಾಡಿತು. ಸದ್ದಿಲ್ಲದೆ ಬಲಗಡೆಗೆ ಹೊರಟ. ಶೈಲಶ್ರೀ ಅವನ ಅಂಗಿಯ ತೋಳು ಹಿಡಿದುಕೊಂಡಳು.

“ಅಲ್ಲೇ ನಿಂದ್ರು,” ಎಂದಳು. “ಈ ಕಿವಿಗೇ ಇನ್ನೊಮ್ಮೆ ಹೇಳು.”